ಮಿಷಿನ್ ಸಾಬ್ರ ಗಾಡಿಯಲ್ಲಿ ಜಗಳೂರಿಗೆ

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಚನ್ನಗಿರಿಯಿಂದ ಹೊರಟೆ. ಗೇಟಿನಿಂದ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗಲೇ ಎಡಗಡೆಯ ಕನ್ನಡಿ ಗೋಡೆಗೆ ತಾಗಿ ಮಡಚಿಕೊಂಡಿತು. ಇಳಿದು ಸರಿಮಾಡಿ ಮತ್ತೆ ಹತ್ತಿದೆ. ಎದುರು ಮನೆಯವರು ಹಲ್ಲುಜ್ಜುತ್ತ ನಿಂತು ನೋಡುತ್ತಿದ್ದರು. ನನ್ನ ಹತ್ತಿರ ಲೈಸೆನ್ಸ್ ಇದೆ, ಹದಿನೈದು ವರ್ಷದಿಂದ ಇದೆ. ಆದರೆ ನಾನು ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಬೈಕು ಬಿಟ್ಟು ಬೇರೆ ಗಾಡಿ ಓಡಿಸಿದ್ದು ಕಡಿಮೆ.

ಗಾಡಿ ನನ್ನ ಅಣ್ಣನದು. ಮೊದಲು ಯಾವುದೋ ಶಾಲೆಯ ಮಕ್ಕಳನ್ನು ಸಾಗಿಸುತ್ತಿದ್ದ ಹಳೆಯ ಡೀಸೆಲ್ ವ್ಯಾನು. ಅಣ್ಣ ಸೀಟುಗಳನ್ನೆಲ್ಲ ಕಿತ್ತು ಪ್ಲೈವುಡ್ಡಿನ ಮಂಚ ಹಾಕಿಸಿದ್ದ. ಮಂಚದ ಕೆಳಗೆ ಡಬ್ಬಗಳು, ಬಾಗಿಲ ಪಕ್ಕದಲ್ಲಿ ಒಂದೇ ಒಲೆಯ ಗ್ಯಾಸು, ಒಂದು ನೀರಿನ ಕ್ಯಾನು, ಕಿಟಕಿಗಳಿಗೆ ಸೊಳ್ಳೆ ಪರದೆ. ಅತ್ತಿಗೆ ತೀರಿಕೊಂಡ ಮೇಲೆ ಅವನಿಗೆ ಮನೆಯಲ್ಲಿ ಮಲಗಲು ಆಗುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಹೊಲಿಗೆ ಮಿಷಿನ್ ರಿಪೇರಿ ಅವನ ಕಸುಬು. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹಳ್ಳಿಗಳಲ್ಲಿ ಟೈಲರುಗಳ ಮನೆ ಮುಂದೆ ಗಾಡಿ ನಿಲ್ಲಿಸಿ ಕೆಲಸ ಮಾಡುತ್ತಿದ್ದ, ಕೆಲಸ ದೊಡ್ಡದಿದ್ದರೆ ಮಿಷಿನ್ನನ್ನು ಗಾಡಿಯಲ್ಲೇ ಒಯ್ದು ಸರಿಮಾಡಿ ತಂದುಕೊಡುತ್ತಿದ್ದ. ಅಲ್ಲೇ ಅಡುಗೆ, ಅಲ್ಲೇ ನಿದ್ದೆ. ಜನ ಅವನನ್ನು ಮಿಷಿನ್ ಸಾಬ್ರು ಎನ್ನುತ್ತಿದ್ದರು. ನಾನು ಭಾಯಿ ಎನ್ನುತ್ತಿದ್ದೆ. ಮಳೆಗಾಲದ ಶುರುವಿನಲ್ಲಿ ಎದೆನೋವು ಬಂದು, ದಾವಣಗೆರೆಗೆ ಕರೆದೊಯ್ಯುವ ದಾರಿಯಲ್ಲೇ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೂರನೇ ದಿನ, ಮನೆ ತುಂಬ ನೆಂಟರಿರುವಾಗ, ಭಾಯಿಯ ಫೋನು ಹೊಡೆದುಕೊಂಡಿತು. ಅದರ ಮೇಲೆ ‘ಜಗಳೂರು ಗಂಗಮ್ಮ’ ಎಂದು ಮೂಡಿತ್ತು. ಕಟ್ ಮಾಡಿದೆ. ಮತ್ತೆ ಬಂತು. ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ಆ ಹೆಸರು ಓದಿ ನನ್ನ ಮುಖ ನೋಡಿದರು. ಹೆಂಡತಿ ಇಲ್ಲದ ಗಂಡಸು, ಊರೂರಲ್ಲಿ ಗಾಡಿ ನಿಲ್ಲಿಸಿ ಮಲಗುವವನು, ಮೇಲೆ ಮೇಲೆ ಒಬ್ಬ ಹೆಂಗಸಿನ ಕರೆ. ನನ್ನ ತಲೆಗೆ ಬಂದದ್ದನ್ನು ಬಿಡಿಸಿ ಬರೆಯುವ ಧೈರ್ಯ ನನಗಿಲ್ಲ. ಆ ವಾರದಲ್ಲಿ ಅವರು ಎಷ್ಟೋ ಸಲ ಫೋನ್ ಮಾಡಿದರು. ಒಂದನ್ನೂ ಎತ್ತಲಿಲ್ಲ. ಕೊನೆಗೆ ಸಿಮ್ ತೆಗೆದು ಅಲ್ಮೆರಾದಲ್ಲಿ ಎಸೆದೆ.

ಐದು ತಿಂಗಳ ಮೇಲೆ, ಗಾಡಿ ಮಾರಿಬಿಡೋಣ ಎಂದು ಮಂಚದ ಕೆಳಗಿನ ಡಬ್ಬಗಳನ್ನು ಹೊರಗೆ ಎಳೆದಾಗ, ಗೋಣಿಚೀಲದಲ್ಲಿ ಸುತ್ತಿಟ್ಟ ಹೊಲಿಗೆ ಮಿಷಿನ್ನಿನ ತಲೆ, ಸ್ಟ್ಯಾಂಡಿಲ್ಲದ ಮೇಲಿನ ಭಾಗ, ಸಿಕ್ಕಿತು. ಎಣ್ಣೆ ಹಾಕಿ ಒರೆಸಿ ತಯಾರು ಮಾಡಿಟ್ಟಿದ್ದ. ಅದಕ್ಕೆ ಕಟ್ಟಿದ್ದ ಬಟ್ಟೆಯ ತುಂಡಿನ ಮೇಲೆ ಭಾಯಿಯ ಕೈಬರಹ: ‘ಗಂಗಮ್ಮ ಟೈಲರ್’, ಕೆಳಗೆ ಜಗಳೂರಿನ ಆಚೆಯ ಒಂದು ಹಳ್ಳಿಯ ಹೆಸರು. ಆ ಹೆಂಗಸು ಕೇಳುತ್ತಿದ್ದದ್ದು ತನ್ನ ಮಿಷಿನ್ನನ್ನು. ಸಿಮ್ ಹುಡುಕಿ ಹಾಕಿ, ರೀಚಾರ್ಜ್ ಮಾಡಿಸಿ ಫೋನ್ ಮಾಡಿದೆ. ಎರಡು ಸಲ ಹೊಡೆದುಕೊಂಡು ನಿಂತಿತು. ಮೂರನೇ ಸಲ ಅವರು ಕಟ್ ಮಾಡಿದರು.

ಬಸ್ಸಿಗೆ ಹಾಕಿ ಕಳಿಸಬಹುದಿತ್ತು. ನನ್ನ ಹೆಂಡತಿ ಹಾಗೇ ಅಂದಳು. ಆದರೆ ಭಾಯಿ ಯಾವ ಮಿಷಿನ್ನನ್ನೂ ಹಾಗೆ ಒಪ್ಪಿಸಿದವನಲ್ಲ. ಅವರ ಮನೆಯ ಸ್ಟ್ಯಾಂಡಿನ ಮೇಲೆ ತಾನೇ ಕೂರಿಸಿ, ಬೆಲ್ಟು ಹಾಕಿ, ಯಜಮಾನರ ಕಾಲಿನಿಂದಲೇ ತುಳಿಸಿ, ಒಂದು ಸಾಲು ಹೊಲಿಸಿ ನೋಡಿದ ಮೇಲೆಯೇ ಎದ್ದು ಬರುತ್ತಿದ್ದ. ಜೊತೆಗೆ ಫೋನಿನ ವಿಷಯವನ್ನು ಕಂಡಕ್ಟರ್ ಹತ್ತಿರ ಹೇಳಿ ಕಳಿಸುವುದು ಹೇಗೆ. ಅವನ ಗಾಡಿಯಲ್ಲೇ ನಾನೇ ಹೋಗಿ ಕೊಡಬೇಕು ಎಂದುಕೊಂಡೆ.

ಹೊರಡುವ ಎರಡು ದಿನ ಮೊದಲು ನಮ್ಮ ಬೀದಿಯ ಮೆಕ್ಯಾನಿಕ್ ಹತ್ತಿರ ಗಾಡಿ ಒಯ್ದಿದ್ದೆ. ಬ್ರೇಕ್ ತುಳಿದರೆ ಪೆಡಲ್ ತಳದವರೆಗೆ ಹೋಗುತ್ತಿತ್ತು. ಅವನು ಬಗ್ಗಿ ನೋಡಿ ಎದ್ದ.

“ಇದ್ರಾಗೆ ಏನ್ ಬದ್ಲಾಗೈತೆ, ಏನಿಲ್ಲ ಅಂತ ಗೊತ್ತಿಲ್ದೆ ನಾ ಕೈ ಹಾಕಲ್ಲ ಸಾಬ್ರೆ. ನಿಮ್ಮಣ್ಣ ಒಳಗೆ ಹಲಗೆ ಮ್ಯಾಲೆ ಎಲ್ಲಾ ಬರೀತಿದ್ರಲ್ಲ, ತೋರ್ಸಿ, ನೋಡಾನ.”

ಡ್ರೈವರ್ ಸೀಟಿನ ಹಿಂದಿನ ಪ್ಲೈವುಡ್ಡಿನ ಮೇಲೆ ಭಾಯಿ ಪೆನ್ನಿನಲ್ಲಿ ಏನೇನೋ ಗೀಚಿದ್ದು ನಿಜ. ಯಾವ ಸಾಮಾನು ಯಾವ ಊರಿನಲ್ಲಿ ಯಾರ ಕೈಯಲ್ಲಿ ಹಾಕಿಸಿದ್ದು, ಆಗ ಗಾಡಿ ಎಷ್ಟು ಕಿಲೋಮೀಟರ್ ಓಡಿತ್ತು, ಎಲ್ಲ ಅಲ್ಲಿತ್ತಂತೆ. ನಲವತ್ತನೇ ದಿನದ ಫಾತೆಹಾ ಪ್ರಾರ್ಥನೆಗೆ ನೆಂಟರು ಬರುತ್ತಾರೆಂದು ಮನೆಗೆ ಬಣ್ಣ ಹೊಡೆಸಿದಾಗ, ಉಳಿದ ನೀಲಿ ಬಣ್ಣವನ್ನು ನಾನೇ ಗಾಡಿಯ ಒಳಗೆಲ್ಲ ಬಳಿದಿದ್ದೆ. ಗೀಚಿದ್ದೆಲ್ಲ ಕಂಡರೆ ಗಾಡಿ ಕೊಳಕಾಗಿ ಕಾಣುತ್ತದೆ ಎಂದು ಎರಡು ಸಲ ಬಳಿದಿದ್ದೆ.

ಮೆಕ್ಯಾನಿಕ್ ನೀಲಿ ಹಲಗೆಯ ಮೇಲೆ ಬೆರಳಾಡಿಸಿದ. “ಚೆನ್ನಾಗಿ ಹೊಡ್ದೀರಿ ಬಣ್ಣ” ಎಂದ. ಆಮೇಲೆ ಕೈ ಒರೆಸಿಕೊಳ್ಳುತ್ತ, “ಇಂಜಿನ್ ಕೆಲ್ಸ ಹೊನ್ನಾಳಿ ಕರಿಬಸಪ್ಪ ಮೇಸ್ತ್ರಿದು. ಅಲ್ಲಿಗೋಗಿ ಕೇಳ್ರಿ. ಮೆತ್ತಗೆ ಹೋಗ್ರಿ” ಎಂದ.

ಮೆತ್ತಗೇ ಹೋದೆ. ಮೂವತ್ತು ದಾಟಲಿಲ್ಲ. ಭತ್ತದ ಕೊಯ್ಲಿನ ಕಾಲ. ಸಾಸ್ವೆಹಳ್ಳಿ ಹತ್ತಿರ ಹುಲ್ಲು ಹೇರಿದ ಟ್ರ್ಯಾಕ್ಟರ್ ಒಂದರ ಹಿಂದೆ ಅರ್ಧ ಗಂಟೆ ಹೋದೆ. ಹಿಂದೆ ಹಾರ್ನ್ ಹೊಡೆದವರಿಗೆಲ್ಲ ಕೈ ತೋರಿಸಿ ದಾರಿ ಬಿಟ್ಟೆ. ಪೆಡಲ್ ಅನ್ನು ಮೂರು ಸಲ ಪಂಪು ಮಾಡಿದರೆ ಬ್ರೇಕ್ ಹಿಡಿಯುತ್ತದೆ ಎಂದು ಅಷ್ಟರಲ್ಲಿ ಕಲಿತಿದ್ದೆ. ಹೊನ್ನಾಳಿಯಲ್ಲಿ ಸೇತುವೆ ದಾಟುವಾಗ ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದು ಬಾಯಲ್ಲಿ ದುವಾ ಹೇಳಿಕೊಳ್ಳುತ್ತಿದ್ದೆ. ಹೊಳೆಯ ಕಡೆ ತಿರುಗಿ ನೋಡಲಿಲ್ಲ.

ಕರಿಬಸಪ್ಪ ಮೇಸ್ತ್ರಿಯ ಗ್ಯಾರೇಜು ಹುಡುಕುವುದು ಕಷ್ಟವಾಗಲಿಲ್ಲ. ಗಾಡಿ ನೋಡಿ ಅವರೇ ರಸ್ತೆಗೆ ಬಂದರು. ಅರವತ್ತರ ಆಸುಪಾಸಿನ ದಪ್ಪ ಮನುಷ್ಯ. ನಗುತ್ತ ಬಂದವರು ಡ್ರೈವರ್ ಸೀಟಿನಲ್ಲಿ ನನ್ನನ್ನು ಕಂಡು ನಿಂತರು. ಭಾಯಿ ತೀರಿಕೊಂಡದ್ದನ್ನು ಹೇಳಿದೆ. ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು. 

“ನೀವು ತಮ್ಮ ಅಲ್ವಾ? ಜೆರಾಕ್ಸ್ ಅಂಗಡಿ?”

“ಹೌದು.”

“ಅಂಗಡಿ ಮುಂದೆ ಗಾಡಿ ನಿಲ್ಸಬ್ಯಾಡ, ಗಿರಾಕಿ ನಗ್ತಾರೆ ಅಂದಿದ್ರಂತೆ ನೀವು.”

ಅಂದದ್ದು ನಿಜ. ಗಾಡಿಯ ಹಗ್ಗದ ಮೇಲೆ ಅವನ ಬನಿಯನ್ನು, ಲುಂಗಿ ಒಣಗುತ್ತಿದ್ದವು. ಕಾಲೇಜು ಹುಡುಗಿಯರು ಜೆರಾಕ್ಸಿಗೆ ಬರುವ ಅಂಗಡಿ ಎಂದಿದ್ದೆ. ಅಂದಿನಿಂದ ಅವನು ಚನ್ನಗಿರಿಗೆ ಬಂದಾಗಲೆಲ್ಲ ಗಾಡಿಯನ್ನು ಬಸ್ ಸ್ಟ್ಯಾಂಡಿನ ಹಿಂದೆ ನಿಲ್ಲಿಸಿ ನಡೆದು ಬರುತ್ತಿದ್ದ. ಇದನ್ನು ಹೊನ್ನಾಳಿಯ ಮೇಸ್ತ್ರಿಗೆ ಹೇಳಿಕೊಂಡಿದ್ದಾನೆಂದು ನನಗೆ ಗೊತ್ತಿರಲಿಲ್ಲ.

“ಬೈದು ಹೇಳಿದ್ದಲ್ಲ ಮಾರಾಯ್ರೆ, ನಕ್ಕೊಂಡು ಹೇಳಿದ್ರು” ಎಂದರು ಮೇಸ್ತ್ರಿ, ನನ್ನ ಮುಖ ನೋಡಿ. ಅದರಿಂದ ಏನೂ ಹಗುರವಾಗಲಿಲ್ಲ.

ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡಿದರು. ಒರೆಸಿ ಮತ್ತೆ ಹಾಕಿ ಎಳೆದು ನೋಡಿದರು. ಕಡ್ಡಿಯ ಮೇಲೆ ಎರಡು ಗುರುತುಗಳಿರುತ್ತವೆ, ಆಯಿಲ್ ಅವೆರಡರ ನಡುವೆ ನಿಲ್ಲಬೇಕು. ಹೊರಡುವ ಮೊದಲು ನಾನು ಎರಡು ಲೀಟರ್ ಸುರಿದಿದ್ದೆ, ದೂರದ ದಾರಿ ಎಂದು.

“ಹೊಟ್ಟೆ ತುಂಬಿದ ಮಗೀಗೆ ಮತ್ತೆ ಹಾಲು ಕುಡಿಸೀರಿ. ಕಕ್ಕದೆ ಇನ್ನೇನ್ ಮಾಡ್ತತೆ? ಹಿಂಗೇ ಓಡ್ಸಿದ್ರೆ ಸೀಲು ಕಿತ್ಕೊಂಡು ಹೋಗ್ತಿತ್ತು.”

ಹೆಚ್ಚಿನದನ್ನು ಕೆಳಗಿನಿಂದ ಇಳಿಸಿದರು. ಫ್ಯಾನ್ ಬೆಲ್ಟು ಬಿರುಕು ಬಿಟ್ಟಿತ್ತು, ಬದಲಾಯಿಸಿದರು. ಗಾಡಿ ಐದು ತಿಂಗಳು ನಿಂತಲ್ಲೇ ನಿಂತದ್ದರಿಂದ ಇಲಿಗಳು ಒಂದೆರಡು ವೈರು ಕಡಿದಿದ್ದವು, ಅವನ್ನು ಸುತ್ತಿ ಕೊಟ್ಟರು. ಭಾಯಿ ಯಾವ್ಯಾವುದನ್ನು ಯಾವಾಗ ಹಾಕಿಸಿದ್ದ ಎಂದು ನೆನಪಿದ್ದಷ್ಟು ಹೇಳುತ್ತ ಹೋದರು. ನಾನು ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡೆ. “ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಕಡ್ಡಿ ನೋಡ್ರಿ, ನೀರು ನೋಡ್ರಿ, ನಾಕೂ ಗಾಲಿ ಮುಟ್ಟಿ ನೋಡ್ರಿ. ವಾರಕ್ಕೊಂದ್ಸಲ ಆದ್ರೂ ಓಡ್ಸಿ. ದುಃಖ ಅಂತ ನಿಲ್ಸಿದ್ರೆ ಗಾಡೀಗೆ ತಿಳೀತತೇನು?” ಎಂದರು. ಬ್ರೇಕಿಗೆ ನ್ಯಾಮತಿಗೇ ಹೋಗಬೇಕು, ಬಾಷಾ ಸಾಹೇಬರು ಬಿಟ್ಟರೆ ಅದನ್ನು ಯಾರೂ ಬಿಚ್ಚಿಲ್ಲ ಎಂದರು. ಬೆಲ್ಟಿನ ದುಡ್ಡು ಮಾತ್ರ ತೆಗೆದುಕೊಂಡರು.

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ಸಾವಿರ ರೂಪಾಯಿಯ ಡೀಸೆಲ್ ಹಾಕಿಸಿ ನ್ಯಾಮತಿ ಸೇರುವಾಗ ನಾಲ್ಕೂವರೆ ದಾಟಿತ್ತು. ಬಾಷಾ ಸಾಹೇಬರು ಸಂಜೆಯ ಅಸರ್ ನಮಾಜಿಗೆ ಹೋಗಿದ್ದರು. ಬಂದು ವಿಷಯ ಕೇಳಿ, ಕೂಡಲೇ ಅಂಗೈ ಎತ್ತಿ ಭಾಯಿಗಾಗಿ ದುವಾ ಮಾಡಿದರು. ಆಮೇಲೆ ನಮ್ಮ ಮನೆಮಾತಾದ ಉರ್ದುವಿನಲ್ಲೇ ಮಾತಾಡಿದರು. ಹಿಂದಿನ ಬಲಗಾಲಿ ಬಿಚ್ಚಿದಾಗ ಒಳಗೆಲ್ಲ ಬ್ರೇಕ್ ಆಯಿಲ್ ಸೋರಿ ಧೂಳು ಮೆತ್ತಿ ಕಪ್ಪು ಹಿಟ್ಟಾಗಿತ್ತು. ರಬ್ಬರು ಹಾಕಿದರು. ನಂತರ ಪೈಪುಗಳಲ್ಲಿ ಸೇರಿದ ಗಾಳಿ ತೆಗೆಯಬೇಕು. ಅದು ಇಬ್ಬರ ಕೆಲಸ. ಒಬ್ಬರು ಪೆಡಲ್ ತುಳಿದು ಹಿಡಿದಿರಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ನಟ್ಟು ಸಡಿಲಿಸಿ ಬಿಗಿಯಬೇಕು.

“ಹತ್ತು, ಮಗಾ. ತುಳಿ. ತುಳಿ. ಹಿಡಿ. ಬಿಡಬೇಡ ಅಂದೆನಲ್ಲ.”

ನಾಲ್ಕು ಗಾಲಿಗೂ ಹೀಗೆ ಮಾಡಿದೆವು. ನನ್ನ ತೊಡೆ ನಡುಗುತ್ತಿತ್ತು. ಕೊನೆಯ ಗಾಲಿಯಲ್ಲಿ ಪೆಡಲ್ ಗಟ್ಟಿಯಾಗಿ ಪಾದಕ್ಕೆ ಎದುರು ನಿಂತಿತು. ಭಾಯಿ ಬಂದಾಗ ತುಳಿಯುತ್ತಿದ್ದವರು ಯಾರು ಎಂದು ಕೇಳಿದೆ.

“ಯಾರಾದರೂ ಸಿಗೋರು. ಪಕ್ಕದ ಸೈಕಲ್ ಅಂಗಡಿಯವನು, ದಾರಿಯಲ್ಲಿ ಹೋಗೋರು. ಮನೆಯೋರು ಯಾರಾದರೂ ಜೊತೆಗೆ ಬಂದರೆ ನನಗೆ ಸಲೀಸು ಅಂತ ಪ್ರತಿ ಸಲ ಹೇಳ್ತಿದ್ದೆ. ತಮ್ಮನಿಗೆ ಅಂಗಡಿ ಇದೆ ಅನ್ನೋನು.”

ಆ ರಾತ್ರಿ ಅವರ ಮನೆಯ ಮುಂದೆ ಗಾಡಿಯಲ್ಲೇ ಮಲಗಿದೆ. ಅವರ ಮನೆಯಿಂದ ಚಪಾತಿ, ಸಾರು ಬಂತು. ಮಂಚ ನನಗಿಂತ ಒಂದು ಗೇಣು ಉದ್ದವಿತ್ತು, ಭಾಯಿ ಎತ್ತರದವನು.

ಸೋಮವಾರ ಬೆಳಿಗ್ಗೆ ಆಯಿಲ್ ಕಡ್ಡಿ, ನೀರು, ಗಾಲಿ ನೋಡಿ ಆರೂವರೆಗೆ ಹೊರಟೆ. ಹೊನ್ನಾಳಿ, ಹರಿಹರ, ದಾವಣಗೆರೆ. ದಾವಣಗೆರೆಯಲ್ಲಿ ಒಂದು ದೋಸೆ ತಿಂದೆ, ಆದರೆ ರುಚಿ ಹತ್ತಲಿಲ್ಲ. ಗಂಗಮ್ಮನವರಿಗೆ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಜೋಡಿಸುತ್ತಿದ್ದೆ. ‘ಫೋನ್ ಕೆಟ್ಟಿತ್ತು’ ಎಂಬ ಮಾತು ಎರಡು ಸಲ ಬಾಯಿಗೆ ಬಂದಿತ್ತು, ಅದನ್ನೂ ಇಲ್ಲಿ ಬರೆದಿಡುತ್ತೇನೆ. ಜಗಳೂರು ಸಮೀಪಿಸಿದಂತೆ ಹಸಿರು ಕಡಿಮೆಯಾಗಿ ಬಯಲು ಅಗಲವಾಯಿತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿ ಅಂಚಿಗೆ ಕಲ್ಲು ಇಟ್ಟಿದ್ದರು. ಎದುರಿಗೆ ಬಸ್ ಬಂದಾಗಲೆಲ್ಲ ನಿಲ್ಲಬೇಕಾಗುತ್ತಿತ್ತು. ಪೆಡಲ್ ಒಂದೇ ತುಳಿತಕ್ಕೆ ಹಿಡಿಯುತ್ತಿತ್ತು.

ಜಗಳೂರು ದಾಟಿ ಏಳೆಂಟು ಕಿಲೋಮೀಟರ್ ಹೋದರೆ ಆ ಹಳ್ಳಿ. ಹೆಸರು ಬರೆಯುವುದಿಲ್ಲ. ಊರ ಬಾಗಿಲಲ್ಲಿ ಒಂದು ಚಹಾದ ಹೋಟೆಲು, ಮುಂದೆ ಬೆಂಚಿನ ಮೇಲೆ ನಾಲ್ಕೈದು ಜನ. ದಾರಿ ಕೇಳಲು ನಿಲ್ಲಿಸಿದೆ. ಎಲ್ಲರೂ ಗಾಡಿಯನ್ನೇ ನೋಡುತ್ತಿದ್ದರು. ಹೋಟೆಲಿನವನು ಲೋಟ ತೊಳೆಯುತ್ತಲೇ ಕೇಳಿದ.

“ಎಲ್ಲಿ, ನಿಮ್ಮ ಮಿಷಿನ್ ಸಾಬ್ರು? ಹಿಂದೆ ಅಡಗ್ಕೊಂಡು ಕುಂತಾರೇನು?”

ಬೆಂಚಿನ ಮೇಲಿದ್ದವರು ನಕ್ಕರು. “ಗಂಗಮ್ಮನ ಮಿಷಿನ್ ನುಂಗಿ ಅರಗಿಸಿಕೊಂಡು ಬಂದಂಗೈತೆ” ಎಂದ ಇನ್ನೊಬ್ಬ.

ಅಲ್ಲಿಯವರೆಗೆ ನನ್ನ ತಪ್ಪು ಎಷ್ಟು ದೊಡ್ಡದು ಎಂದು ನನಗೆ ತಿಳಿದಿರಲಿಲ್ಲ. ಒಬ್ಬ ಹೆಂಗಸಿನ ಮಿಷಿನ್ ತಡವಾಯಿತು ಎಂದಷ್ಟೇ ತಿಳಿದಿದ್ದೆ. ಇಲ್ಲಿ ನನ್ನ ಅಣ್ಣ ಐದು ತಿಂಗಳಿನಿಂದ ಕಳ್ಳನಾಗಿದ್ದ. ಅವನು ಸತ್ತ ಮೇಲೆ ಅವನನ್ನು ಕಳ್ಳನನ್ನಾಗಿ ಮಾಡಿದವನು ನಾನು. ಅವರಿಗೆ ಏನಾದರೂ ಹೇಳಬೇಕಿತ್ತು.  “ಗಂಗಮ್ಮನ ಮನೆ ಎಲ್ಲಿ?” ಎಂದಷ್ಟೇ ಕೇಳಿ, ಅವರು ಕೈ ತೋರಿಸಿದ ಕಡೆ ಹೋದೆ.

ಗಂಗಮ್ಮ ಬಾಗಿಲಲ್ಲಿ ಕೂತು ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದರು. ಐವತ್ತರ ಮೇಲಿನ ವಯಸ್ಸು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಗಾಡಿ ನೋಡಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ಬಂದ್ರಾ? ಈಗ ನೆನಪಾತೇನು ದಾರಿ?” ಎಂದು ಶುರುಮಾಡಿದವರು ನನ್ನನ್ನು ಕಂಡು ನಿಲ್ಲಿಸಿದರು. “ನೀವ್ಯಾರು?”

“ಅವರ ತಮ್ಮ. ಅವರು ಇಲ್ಲ ಅಕ್ಕಾರೆ. ಮಳೆಗಾಲ ಶುರುವಾದಾಗಲೇ ತೀರಿಕೊಂಡರು.”

ಅವರು ಕೈಯಲ್ಲಿದ್ದ ತೆನೆಯನ್ನು ನೋಡಿದರು. ಒಳಗಿನಿಂದ ಅವರ ಅತ್ತೆ “ಯಾರವ್ವಾ?” ಎಂದು ಕೂಗಿದರು.

ನಾನು ಮಿಷಿನ್ ತಂದು ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಸ್ಟ್ಯಾಂಡಿನ ಮೇಲೆ ಅಕ್ಕಿ ಚೀಲ ಇಟ್ಟಿದ್ದರು, ಅದನ್ನು ಇಳಿಸಿದೆವು. ಬೆಲ್ಟು ಹಾಕಲು ನನಗೆ ಬರಲಿಲ್ಲ, ಅವರೇ ಹಾಕಿಕೊಂಡರು. ಹಳೆಯ ಲಂಗದ ತುಂಡು ಇಟ್ಟು ಒಂದು ಸಾಲು ಹೊಲಿದರು. ಬಟ್ಟೆಯನ್ನು ಎರಡೂ ಕಡೆಯಿಂದ ಎಳೆದರು. ದಾರ ಹರಿಯಲಿಲ್ಲ. ಇನ್ನೂ ಒಂದು ಸಾಲು ಹೊಲಿದರು, ನಡುವೆ ಚಕ್ರ ಹಿಡಿದು ನಿಲ್ಲಿಸಿದರು.

“ಊರ್ ತುಂಬ ಬೈದೀನಿ ಅವರ್ನ. ಸಂಘದ ಹೆಣ್ಮಕ್ಕಳ ಮುಂದೆ, ಹೋಟ್ಲು ಮುಂದೆ. ಮಿಷಿನ್ ಇಲ್ದೆ ಐದು ತಿಂಗ್ಳು ಕೂಲಿಗೋದೆ, ಹೋದಲ್ಲೆಲ್ಲ ಬೈದೆ. ಫೋನ್ ಎತ್ತಲಿಲ್ಲ ನೋಡ್ರಿ, ಅದಕ್ಕೆ ಸಿಟ್ಟು. ಎಷ್ಟೊತ್ತಿಗೆ ಮಾಡಿದ್ರೂ ಎತ್ತೋ ಮನುಷ್ಯ ಅದು.”

“ಫೋನ್ ನನ್ನ ಹತ್ತಿರ ಇತ್ತು. ಕಟ್ ಮಾಡಿದ್ದು ನಾನು.”

“ಯಾಕೆ?”

 ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಎಷ್ಟೋ ಹೊತ್ತು ನೋಡಿದರು. ನನಗೆ ಕತ್ತೆತ್ತಲು ಆಗಲಿಲ್ಲ. ಅವರಿಗೆ ಗೊತ್ತಾಯಿತು.

“ಓ” ಎಂದರು. ಎದ್ದು ಒಳಗೆ ಹೋದರು. ಬರುವುದೇ ಇಲ್ಲವೇನೋ ಎಂದುಕೊಂಡೆ. ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟರು, ಕೈಗೆ ಕೊಡಲಿಲ್ಲ. ನಾನು ಕುಡಿದು ಮುಗಿಸುವವರೆಗೆ ಬೇರೆ ಕಡೆ ನೋಡುತ್ತ ನಿಂತಿದ್ದರು.

“ಗಾಡಿ ತೆಗೀರಿ. ನಾನೂ ಬರ್ತೀನಿ.”

ಅತ್ತೆ ಬಾಗಿಲಿಗೆ ಬಂದು, “ಎಲ್ಲಿಗೊಂಟಿ ಆ ಗಾಡ್ಯಾಗೆ? ನೋಡಿದೋರು ಏನಂತಾರೆ?” ಎಂದರು.

“ನೋಡ್ಲಿ ಅಂತಾನೇ ಹೊಂಟೀನಿ” ಎಂದು ಗಂಗಮ್ಮ ಮುಂದಿನ ಸೀಟಿಗೆ ಹತ್ತಿ ಕೂತರು.

ಮೊದಲು ಮಹಿಳಾ ಸಂಘದ ಅಧ್ಯಕ್ಷೆಯ ಮನೆ. ಇಳಿಯದೆ ಕಿಟಕಿಯಿಂದಲೇ ಕೂಗಿ ಹೇಳಿದರು. “ಮಿಷಿನ್ ಬಂತು ಕಣೇ. ಸಾಬ್ರು ತೀರ್ಕೊಂಡಿದ್ರಂತೆ. ನಾ ಬೈದಿದ್ದೆಲ್ಲ ಸುಳ್ಳು.” ಅಲ್ಲಿಂದ ಹಿಟ್ಟಿನ ಗಿರಣಿ. ಅಲ್ಲೂ ಅದೇ ಮಾತು. ತಪ್ಪನ್ನೆಲ್ಲ ತನ್ನ ತಲೆಗೇ ಹಾಕಿಕೊಂಡರು. ನನ್ನ ಹೆಸರು ಎಲ್ಲೂ ತೆಗೆಯಲಿಲ್ಲ. ನಾನು ಎರಡು ಕಡೆಯೂ ಸ್ಟೇರಿಂಗ್ ಹಿಡಿದು ಗಾಜಿನಾಚೆ ನೋಡುತ್ತ ಕೂತಿದ್ದೆ, ಬಾಡಿಗೆ ಡ್ರೈವರನ ಹಾಗೆ.

ಹೋಟೆಲಿನ ಮುಂದೆ ಅವರು ಬಾಯಿ ತೆರೆಯುವ ಮೊದಲು ನಾನು ಇಂಜಿನ್ ಆಫ್ ಮಾಡಿ ಇಳಿದೆ. ಬೆಂಚಿನ ಮೇಲೆ ಅದೇ ಜನ ಇದ್ದರು.

“ನಮ್ಮಣ್ಣ ಯಾರದ್ದೂ ನುಂಗಿಲ್ಲ” ಎಂದೆ. “ರಿಪೇರಿ ಮಾಡಿ ಕಟ್ಟಿಟ್ಟಿದ್ದ. ಸತ್ತು ಹೋದ. ಈ ಅಕ್ಕ ಫೋನ್ ಮಾಡಿದಾಗ ಕಟ್ ಮಾಡಿದ್ದು ನಾನು. ಗಾಡಿಯ ಮಂಚದ ಕೆಳಗೆ ಏನಿದೆ ಅಂತ ಐದು ತಿಂಗಳು ನೋಡದೆ ಇದ್ದದ್ದೂ ನಾನೇ. ಅನ್ನೋದಿದ್ದರೆ ನನಗೆ ಅನ್ನಿ.”

“ಯಾಕ್ ಕಟ್ ಮಾಡಿದ್ರಿ?” ಎಂದು ಹೋಟೆಲಿನವನು ಕೇಳಿದ.

ಗಂಗಮ್ಮ ಗಾಡಿಯೊಳಗಿಂದ ಕೇಳಿಸಿಕೊಳ್ಳುತ್ತಿದ್ದರು. ನಿಜವಾದ ಕಾರಣವನ್ನು ಅಲ್ಲಿ ಹೇಳುವಂತಿರಲಿಲ್ಲ.

“ಸೊಕ್ಕು” ಎಂದೆ.

 ಮೊದಲು ಮಿಷಿನ್ ನುಂಗಿದ ಮಾತು ಆಡಿದ್ದವನು ಕಾಲ ಬಳಿಯ ಮಣ್ಣು ನೋಡುತ್ತ, “ನಮ್ಮ ಹುಡ್ಗಿ ಮದ್ವೀಗೆ ಇದೇ ಗಾಡೀಲಿ ನೀರಿನ ಕ್ಯಾನು ತಂದ್ಕೊಟ್ಟಿದ್ರು ಅವ್ರು” ಎಂದ. ಹೋಟೆಲಿನವನು ಚಹಾ ಕೊಟ್ಟ. ಹತ್ತು ರೂಪಾಯಿ ಕೊಟ್ಟೆ, ತೆಗೆದುಕೊಂಡ. ಗಂಗಮ್ಮ ಇಳಿದು, “ಬರ್ತೀನ್ರಿ” ಎಂದಷ್ಟೇ ಹೇಳಿ ನಡೆದು ಹೋದರು. ಮತ್ತೆ ಬನ್ನಿ ಎನ್ನಲಿಲ್ಲ.

ಹತ್ತಿ ಕೀ ತಿರುಗಿಸಿದೆ. ಟಕ್ ಎಂದಿತು, ಅಷ್ಟೆ. ಮತ್ತೆ ತಿರುಗಿಸಿದೆ. ಬ್ಯಾಟರಿ ಇಳಿದಿತ್ತು. ಏನು ಮಾಡಬೇಕೆಂದು ತಿಳಿಯದೆ ಕೂತಿರುವಾಗ ಹಿಂದೆ ತಗಡಿನ ಮೇಲೆ ಅಂಗೈ ಬಡಿದ ಸದ್ದಾಯಿತು.

“ಸೆಕೆಂಡ್ ಗೇರಿಗೆ ಹಾಕ್ರಿ. ಕ್ಲಚ್ ಒತ್ತಿ ಹಿಡೀರಿ. ನಾವ್ ಅಂದಾಗ ಬಿಡ್ರಿ.”

ಬೆಂಚಿನ ಮೇಲಿದ್ದವರೆಲ್ಲ ಎದ್ದು ಬಂದಿದ್ದರು. ಲುಂಗಿ ಎತ್ತಿ ಕಟ್ಟಿ, ತಲೆ ತಗ್ಗಿಸಿ ತಳ್ಳಿದರು. ಹೋಟೆಲಿನವನೂ ಒದ್ದೆ ಕೈಯಲ್ಲೇ ಬಂದಿದ್ದ. ಗಾಡಿ ಉರುಳಿತು. “ಬಿಡ್ರಿ” ಎಂದರು, ಬಿಟ್ಟೆ. ಒಮ್ಮೆ ಜಗ್ಗಿ, ಕೆಮ್ಮಿ, ಶುರುವಾಯಿತು.

ನಿಲ್ಲಿಸಿದರೆ ಮತ್ತೆ ಆಫ್ ಆಗುತ್ತದೆಂಬ ಹೆದರಿಕೆ. ಇಳಿದು ಅವರ ಕೈ ಹಿಡಿಯುವ ಹಾಗಿರಲಿಲ್ಲ. ಕಿಟಕಿಯಿಂದ ಒಂದು ಕೈ ಹೊರಗೆ ಹಾಕಿ ಮೇಲೆತ್ತಿದೆ. ಕನ್ನಡಿಯಲ್ಲಿ ನೋಡಿದರೆ ನನ್ನದೇ ಹೊಗೆ ತುಂಬಿತ್ತು. ಹೊಗೆ ತಿಳಿಯಾದಾಗ ಅವರು ಬೆಂಚಿಗೆ ಹಿಂತಿರುಗುತ್ತಿದ್ದರು, ಒಬ್ಬೊಬ್ಬರಾಗಿ, ಅಂಗೈಗೆ ಹತ್ತಿದ ಗಾಡಿಯ ಧೂಳನ್ನು ಲುಂಗಿಗೆ ಒರೆಸಿಕೊಳ್ಳುತ್ತ.